ಮನೆತನದ ಕತ್ತಿಗೆ ಬಿಡಿಭಾಗ ಬೇಕಾಗಿದೆ

ಬೀಗರಾಗೋರು ಸಂಜೆ ಬರ್ತಾರೆ ಅಂದ್ರೆ ಬೆಳಗ್ಗೆ ಮನೇಲಿ ಮೊದಲು ನೆನಪಾಗೋದು ಜಮಖಾನ. ಹೊನ್ನಾಳೀಲಿ ಪಂಪ್‌ಸೆಟ್ ಬಿಡಿಭಾಗದ ಅಂಗಡಿ ಇಟ್ಟಿರೋ ರೇಣುಕಪ್ರಸಾದನ ಮನೇಲೂ ಹಂಗೇ ಆಯ್ತು. ಸೋಫಾ ಹರಿದಿತ್ತು. ಅದರ ಮೇಲೊಂದು ಹೊಸ ಬಟ್ಟೆ ಹೊದಿಸಿದ್ರೆ ಸಾಕು ಅಂತ ಅವನು. ಸೋಫಾನೇ ಹಿತ್ತಿಲಿಗೆ ಸಾಗಿಸಿ, ನೆಲಕ್ಕೆ ಅಗಲವಾಗಿ ಜಮಖಾನ ಹಾಸಿದ್ರೇನೇ ಮರ್ಯಾದೆ ಅಂತ ಹೆಂಡತಿ ನಿರ್ಮಲಮ್ಮ. ಇಂಥ ವಾದದಲ್ಲಿ ಯಾರು ಗೆಲ್ತಾರೆ ಅನ್ನೋದು ಇಬ್ರಿಗೂ ಗೊತ್ತಿದ್ದರಿಂದ ಅವನು ಸುಮ್ನೆ ಏಣಿ ತಂದ.

ಅಟ್ಟದ ಮೂಲೇಲಿ ಮುತ್ತಜ್ಜನ ಕಾಲದ ಜಮಖಾನ ಸುರುಳಿ ಸುತ್ಕೊಂಡು, ಏನೋ ನುಂಗಿ ಮಲಗಿದ ಹೆಬ್ಬಾವಿನ ಹಂಗೆ ಬಿದ್ದಿತ್ತು. ಎಳೆದ, ಬರ್ಲಿಲ್ಲ. ಜೋರಾಗಿ ಎಳೆದ. ಜಮಖಾನ, ಧೂಳು, ಒಂದು ಹಲ್ಲಿ, ರೇಣುಕಪ್ರಸಾದ, ಎಲ್ಲಾ ಒಟ್ಟಿಗೇ ಕೆಳಗಿಳಿದ್ವು. ಆಮೇಲೆ ಆ ಹೆಬ್ಬಾವಿನ ಹೊಟ್ಟೆಯಿಂದ ಉದ್ದಕ್ಕೆ ಏನೋ ಜಾರಿ ಠಣ್ ಅಂತ ಬಿತ್ತು. ಬಿದ್ದಿದ್ದು ಅವನ ಕಾಲಿನ ಕಿರುಬೆರಳಿನ ಪಕ್ಕಕ್ಕೆ, ಕಿರುಬೆರಳಿನ ಮೇಲಲ್ಲ. ಆ ದಿನಕ್ಕೆ ಅಂತ ದೇವರು ಅವನಿಗೆ ಕೊಟ್ಟಿದ್ದ ಅದೃಷ್ಟವೆಲ್ಲಾ ಅಲ್ಲೇ ಖರ್ಚಾಯ್ತು.

ಅದು ಕತ್ತಿ. ಅಡುಗೆಮನೆ ಕತ್ತಿಯ ಜಾತಿದಲ್ಲ, ಪಟದಲ್ಲಿ ರಾಜರ ಸೊಂಟದಿಂದ ಇಳಿಬಿದ್ದಿರುತ್ತಲ್ಲ, ಆ ಜಾತಿದು. ಒರೆಸಿದಂಗೆಲ್ಲಾ ಅದರ ಚೆಲುವು ಒಂದೊಂದೇ ಹೊರಗೆ ಬಂತು. ಗಳದ ಹಂಗೆ ನೆಟ್ಟಗಿರೋ, ಎರಡೂ ಕಡೆ ಬಾಯಿರೋ ಅಲಗು. ಅಲಗಿನ ಬುಡದಲ್ಲಿ ಓಡ್ತಿರೋ ನಾಯಿಯಂಥ ಒಂದು ಮುದ್ರೆ. ಕೈ ಕಾಯಾಕೆ ಬುಟ್ಟಿಯಂಥ ಹಿಡಿ, ಹಿಡಿ ತುಂಬಾ ಬೆಳ್ಳಿ ಎಳೆಯ ಹೂಬಳ್ಳಿ, ಬಳ್ಳಿ ನಡುವೆ ಬಾಯಿ ತೆರೆದ ಯಾಳಿ. ಎಲ್ಲಕ್ಕಿಂತ ಮೇಲೆ, ಹಿಡಿಯ ತುತ್ತತುದೀಲಿ, ಯಾರೋ ಹಿಂದಿನಿಂದ ಕೂಗಿದಂಗಾಗಿ ಕತ್ತು ತಿರುಗಿಸಿದ ಒಂದು ಹಿತ್ತಾಳೆ ನವಿಲು.

ಯಾವ ವಾಷರ್ ಯಾವ ಕಂಪನಿದು ಅಂತ ಕಣ್ಣು ಮುಚ್ಚಿ ಮುಟ್ಟಿ ಹೇಳೋ ರೇಣುಕಪ್ರಸಾದ, ಈ ಕತ್ತಿ ಯಾವ ಕಂಪನಿದು ಅಂತ ತಿಳೀದೆ ಬಾಯಿ ಬಿಟ್ಕೊಂಡು ನಿಂತ.

ಪಕ್ಕದ ಮನೆ ಮಹೇಶ್ವರಪ್ಪನವರಿಗೆ ಈ ಮನೇಲಿ ಚಮಚ ಬಿದ್ರೂ ಕೇಳಿಸುತ್ತೆ, ಕತ್ತಿ ಬಿದ್ರೆ ಬಿಡ್ತಾರಾ. ಅವರು ಕೇರಿಯ ಬಸವಣ್ಣನ ಗುಡಿ ಕಮಿಟಿ ಅಧ್ಯಕ್ಷರು. ಗುಡೀಲಿ ಆಳೆತ್ತರದ ಹಿತ್ತಾಳೆ ದೀಪದ ಕಂಬ ಐತೆ. ಅದರ ತುದೀಲಿ ಎಂಥದೋ ಹಕ್ಕಿ ಇತ್ತಂತೆ, ಅವರ ಅಜ್ಜನ ಕಾಲದಲ್ಲೇ ಹಾರಿಹೋಗಿತ್ತು. ಕಂಬದ ಥ್ರೆಡ್ಡು ಉಲ್ಟಾ, ಹಂಗಾಗಿ ಪೇಟೆಯಿಂದ ತಂದ ಯಾವ ಹಕ್ಕಿನೂ ಅದರ ಮೇಲೆ ಕೂರ್ತಿರ್ಲಿಲ್ಲ. ನಿಮ್ಮ ಅಂಗಡೀಲಿ ಏನಾದ್ರೂ ಕೂರಿಸಿಕೊಡ್ರಿ ಅಂತ ಅವರು ದಿನಾ ಬೆಳಗ್ಗೆ ರೇಣುಕಪ್ರಸಾದನ ತಲೆ ಮೇಲೆ ಕೂರ್ತಿದ್ರು. ಆವತ್ತು ಮಾತ್ರ ದೀಪ ಮರೆತು ಕತ್ತಿ ಎತ್ಕೊಂಡ್ರು.

"ಇಂಥದ್ದು ಅಟ್ಟದ ಮ್ಯಾಲೆ ಇಟ್ಕೊಂಡು ಪಂಪ್‌ಸೆಟ್ ಮಾರ್ತಿದ್ದೀರಲ್ರೀ ರೇಣುಕಣ್ಣ," ಅಂದ್ರು. "ಆ ಹಾಲಮ್ಮಜ್ಜಿಗೆ ಇದನ್ನ ತೋರಿಸ್ರಿ. ಮದುವೆ ಆತು ಅಂತ ತಿಳ್ಕೊಳ್ರಿ."

ಈ ಸಂಬಂಧ ಕುದುರಿಸ್ತಿದ್ದೋರೂ ಅವರೇ. ರೇಣುಕಪ್ರಸಾದನ ಮಗಳು ಕಾವ್ಯಶ್ರೀ ಟೀಚರು, ಜಗಳೂರಿನ ಪ್ರವೀಣ್ ಕುಮಾರ್ ಮೇಷ್ಟ್ರು. ಯಾವುದೋ ತರಬೇತೀಲಿ ಇಬ್ರೂ ಪಕ್ಕಪಕ್ಕ ಕೂತು, ತರಬೇತಿ ಬಿಟ್ಟು ಉಳಿದಿದ್ದೆಲ್ಲಾ ಕಲಿತುಕೊಂಡಿದ್ರು. ಹುಡುಗನ ಅಪ್ಪ ಗುರುಬಸವರಾಜ್ ಅರ್ಧ ಒಪ್ಪಿದ್ರು. ಉಳಿದರ್ಧ ಹುಡುಗನ ಅಜ್ಜಿ ಹಾಲಮ್ಮನ ಸೀರೆ ಸೆರಗಲ್ಲಿ ಗಂಟು ಹಾಕ್ಕೊಂಡಿತ್ತು. ತಾತನಿಂದ ಆಚೆಗೆ ಹೇಳ್ಕೊಳ್ಳಾಕೆ ಏನೂ ಇಲ್ಲ ಅಂತ ಆಯಮ್ಮ ಹಿಂದೊಂದು ಮನೆಯಿಂದ ಕಾಫಿನೂ ಕುಡೀದೆ ಎದ್ದು ಬಂದಿದ್ಳು. ಜಗಳೂರಿನೋರು ಜಗಳ ಆಡಲ್ಲ, ಎದ್ದು ಹೋಗ್ತಾರೆ ಅಷ್ಟೆ.

"ಆಯಜ್ಜಿ ಹೊಲ ಕೇಳಲ್ಲ, ಬಂಗಾರ ಕೇಳಲ್ಲ, ಮನೆತನ ಕೇಳ್ತಾಳೆ," ಅಂದ್ರು ಮಹೇಶ್ವರಪ್ಪ. "ಅವರ ಪೈಕಿ ಮದುಮಗ ಕೈಯಾಗೆ ಆಯುಧ ಹಿಡ್ಕೊಂಡೇ ಹಸೆಗೆ ಕೂರೋದು. ನಿಮ್ ಕಡೆಯಿಂದ ಏನ್ ತೋರಿಸೋರಿದ್ರಿ, ಫುಟ್‌ವಾಲ್ವಾ?"

ಕಾವ್ಯಶ್ರೀ ಬಾಗಿಲ ಹಿಂದೆ ನಿಂತು ಅಪ್ಪನ ಮುಖ ನೋಡಿದಳು. ಆ ನೋಟ ಸಾಕಾಯ್ತು. ಸಂಜೆಯೊಳಗೆ ಈ ಕತ್ತಿಗೊಂದು ಊರು, ಒಬ್ಬ ರಾಜ, ತನಗೂ ಅದಕ್ಕೂ ಒಂದು ನಂಟು ಹುಡುಕಲೇಬೇಕು ಅಂತ ರೇಣುಕಪ್ರಸಾದ ತೀರ್ಮಾನಿಸಿದ.

ಕೇರಿಯೋರನ್ನ ಕೇಳಿದ್ದೇ ತಪ್ಪಾಯ್ತು. ಒಬ್ಬರು ಕೆಳದಿದು ಅಂದ್ರು, ಒಬ್ಬರು ಚಿತ್ರದುರ್ಗದ್ದು ಅಂದ್ರು, ಇನ್ನೊಬ್ಬರು ಮರಾಠರು ಹೊಳೆ ದಾಟೋವಾಗ ಬಿಟ್ಟುಹೋಗಿದ್ದು ಅಂತ ಕಣ್ಣಾರೆ ಕಂಡಂಗೆ ಹೇಳಿದ್ರು. ಯಾರಿಗೆ ಯಾವ ರಾಜನ ಮೇಲೆ ಅಭಿಮಾನವೋ ಆ ರಾಜನ ಸೊಂಟಕ್ಕೆ ಕತ್ತಿ ಕಟ್ಟಿ ಮನೆಗೆ ಹೋದ್ರು. ಎದುರುಮನೆ ಲಕ್ಷ್ಮಮ್ಮ ಮಾತ್ರ, ರಾಜ ಯಾರಾದ್ರೂ ಆಗ್ಲಿ, ಹಲಸಿನಹಣ್ಣು ಹೆಚ್ಚಾಕೆ ಒಳ್ಳೇದೈತೆ, ಒಂದಿನ ಕೊಡ್ರಿ ಅಂದ್ಳು.

ಕೊನೆಗೆ ಚನ್ನಗಿರಿಯ ಸಿದ್ದೇಶ್ ಮೇಷ್ಟ್ರ ಹೆಸರು ಬಂತು. ಇತಿಹಾಸ ಪಾಠ ಹೇಳಿ ನಿವೃತ್ತರಾದೋರು, ತುಕ್ಕು ಹಿಡಿದ ಮೊಳೆ ಕೊಟ್ರೂ ಅದರ ಶತಮಾನ ಹೇಳ್ತಾರೆ ಅಂತ ಹೆಸರು. ಬರೋವಾಗ ಬಾಳೆಹಣ್ಣು, ಹೂವು, ಸ್ವೀಟು ಮರೀಬ್ಯಾಡ್ರಿ ಅಂತ ನಿರ್ಮಲಮ್ಮ ಕೂಗಿದ್ದು ಗಾಡಿ ಸದ್ದಿನಲ್ಲಿ ಕರಗಿಹೋಯ್ತು.

ಆವತ್ತು ಚನ್ನಗಿರಿ ರಸ್ತೇಲಿ ಹೋದೋರಿಗೆ ಆ ದೃಶ್ಯ ಇನ್ನೂ ನೆನಪಿರುತ್ತೆ. ಬೈಕಿನ ಹಿಂದುಗಡೆ ಮಹೇಶ್ವರಪ್ಪನವರು, ಬೆಡ್‌ಶೀಟು ಸುತ್ತಿದ ಕತ್ತೀನ ಆಕಾಶಕ್ಕೆ ಎತ್ತಿ ಹಿಡಿದು, ದಂಡಿಗೆ ಹೊರಟ ದಳವಾಯಿ ಥರ. ಮುಂದೆ ಹೆಲ್ಮೆಟ್ಟಿನ ರೇಣುಕಪ್ರಸಾದ, ದಳವಾಯಿಯ ಕುದುರೆ ಥರ. ಗಾಳಿಗೆ ಬೆಡ್‌ಶೀಟು ಹಾರಿಹೋಯ್ತು. ಎದುರಿಗೆ ಬರ್ತಿದ್ದ ಬಸ್ಸು ತಾನಾಗೇ ಪಕ್ಕಕ್ಕೆ ನಿಂತು ದಾರಿ ಬಿಡ್ತು. ಮುಂದೆ ಒಬ್ಬ ಪೊಲೀಸು ಕೈ ಅಡ್ಡ ಹಾಕಿದಾಗ ರೇಣುಕಪ್ರಸಾದನ ಜೀವ ಹೆಲ್ಮೆಟ್ಟಿಗೆ ಬಂತು. ಆ ಪುಣ್ಯಾತ್ಮ ಕತ್ತಿ ತಗೊಂಡು ಹಿಂದೆ ಮುಂದೆ ತಿರುಗಿಸಿ, ಇಂಥ ಚೆಂದದ ಕೆಲಸ ಕಂಡೇ ಇಲ್ಲ ಅಂತ ಮೆಚ್ಚಿ, ಅದರ ಜೊತೆ ಫೋಟೋ ತೆಗೆಸ್ಕೊಂಡು, ಮಹೇಶ್ವರಪ್ಪನವರಿಗೆ ಹೆಲ್ಮೆಟ್ ಇಲ್ಲ ಅಂತ ದಂಡ ಹಾಕಿ ಕಳಿಸಿದ.

ಕೋಟೆ ಗುಡ್ಡದ ಕೆಳಗೆ ಮೇಷ್ಟ್ರ ಮನೆ. ಊಟಕ್ಕೆ ಕೂತಿದ್ದೋರು ಕತ್ತಿ ನೋಡಿ ಅರ್ಧಕ್ಕೇ ಕೈ ತೊಳೆದ್ರು. ಕಿಟಕಿ ಬೆಳಕಿಗೆ ಹಿಡಿದು, ಕೂಸಿನ ಮೈ ಸವರಿದಂಗೆ ಸವರಿ, ಬಾಳ ಹೊತ್ತು ಮಾತೇ ಆಡ್ಲಿಲ್ಲ. ಮಹೇಶ್ವರಪ್ಪನವರಿಗೆ ಮಾತಿಲ್ಲದ ಜಾಗದಲ್ಲಿ ಉಸಿರುಕಟ್ಟುತ್ತೆ, ಫೋನ್ ಹಿಡ್ಕೊಂಡು ಜಗಲಿಗೆ ಹೋದ್ರು.

"ಇದು ಒಬ್ಬರ ಕತ್ತಿ ಅಲ್ಲ ರೇಣುಕಪ್ರಸಾದ್ ಅವರೇ," ಅಂದ್ರು ಮೇಷ್ಟ್ರು. "ಇದೊಂದು ಸಂತೆ."

ನಾಯಿ ಅಂದ್ಕೊಂಡಿದ್ದು ನಾಯಿಯಲ್ಲ, ತೋಳ. ಜರ್ಮನಿ ಕಡೆ ಕಮ್ಮಾರರ ಮುದ್ರೆ. ಇಂಥ ಅಲಗು ಹಡಗಲ್ಲಿ ಗೋವಾಕ್ಕೆ ಬಂದು, ಎತ್ತಿನ ಮೇಲೆ ಘಟ್ಟ ಹತ್ತುತಿತ್ತಂತೆ. ಬುಟ್ಟಿ ಹಿಡಿ ಮರಾಠರ ಕಡೇದು. ಬೆಳ್ಳಿ ಬಳ್ಳಿ ಬಿಜಾಪುರದ ಕಡೆ ಕೈ. ಯಾಳಿ ನಮ್ಮ ಪಾಳೇಗಾರರ ಗುಡಿ ಕಂಬದಿಂದ ಇಳಿದು ಬಂದಿದ್ದು. ಸಂತೆಬೆನ್ನೂರು ಹೊಂಡ ನೋಡಿದ್ದೀರಲ್ಲ, ಅಲ್ಲಿ ಮೆಟ್ಟಿಲು ಯಾರದು, ಗೋಪುರ ಯಾರದು ಅಂತ ಬಿಡಿಸಾಕೆ ಹೋದ್ರೆ ಚೆಲುವು ಕೈ ತಪ್ಪುತ್ತೆ, ಇದೂ ಹಂಗೇ ಅಂದ್ರು. ಆಮೇಲೆ ನವಿಲಿನ ಮುಂದೆ ಬಂದು ಕೈ ಮುಗಿದ್ರು. ಈ ನವಿಲು ತಾವು ಓದಿದ ಯಾವ ಪುಸ್ತಕದಲ್ಲೂ ಇಲ್ಲ, ಇದನ್ನ ಎರಕ ಹೊಯ್ದ ಕೈ ದೊಡ್ಡ ಕೈ ಅಂತ ಹೇಳ್ತಾ ಅದರ ಕೊರಳು ಮುಟ್ಟಿದ್ರು. ಹಳೇ ಅರಗು ಚಟ್ ಅಂತ ಬಿರುಕು ಬಿಟ್ಟು ನವಿಲು ಅವರ ಕೈಗೇ ಬಂತು.

ರೇಣುಕಪ್ರಸಾದ ಗೋಡೆ ಹಿಡ್ಕೊಂಡ. ಮೇಷ್ಟ್ರು ಮಾತ್ರ ನಿಧಿ ಸಿಕ್ಕಂಗೆ ಹಿಗ್ಗಿದ್ರು. ನವಿಲಿದ್ದ ಜಾಗದಲ್ಲಿ ತೂತು, ಹಿಡಿಯೊಳಗೆ ಉದ್ದಕ್ಕೆ ಟೊಳ್ಳು. ಅದರೊಳಗೆ ಒಂದು ಸಣ್ಣ ಬಾಕು ಅಡಗಿ ಕೂತಿರ್ತಿತ್ತು ಅಂದ್ರು. ನವಿಲಿನ ಪಾದದ ಅರಗು ಕೆರೆದಾಗ ಅಲ್ಲೊಂದು ತಿರುಪು ಕಾಣಿಸ್ತು. ರೇಣುಕಪ್ರಸಾದನ ಬೆರಳು ತಾನಾಗೇ ಅದರ ಮೇಲೆ ಓಡಿತು.

"ಥ್ರೆಡ್ಡು ಉಲ್ಟಾ ಐತೆ ಸಾರ್."

"ಆ ಕಾಲದಲ್ಲೇ," ಅಂತ ಮೇಷ್ಟ್ರು ಕಣ್ಣು ಮುಚ್ಚಿದ್ರು.

ಕೊನೆಗೆ ಹಿಡಿಯ ಅಂಚು ತೋರಿಸಿದ್ರು. ಬೆಳ್ಳಿ ಬಳ್ಳಿಯ ಕಟ್ಟಕಡೆ ಹೂವು ಅರ್ಧಕ್ಕೇ ನಿಂತಿತ್ತು. "ಉಳಿದರ್ಧ ಹೂವು ಒರೆ ಬಾಯಿ ಮೇಲಿರುತ್ತೆ. ಬಾಕು, ಒರೆ ಎರಡೂ ಸಿಕ್ಕಿದ ದಿನ ಈ ಕತ್ತಿ ಯಾರ ಮನೇದು ಅಂತ ನಾನು ಹೇಳೋದೇ ಬೇಡ. ಅದೇ ಹೇಳುತ್ತೆ."

ರೇಣುಕಪ್ರಸಾದನಿಗೆ ಅರ್ಧಂಬರ್ಧ ಸೆಟ್ಟು ಅಂದ್ರೆ ಆಗಲ್ಲ. ಅಂಗಡೀಲಿ ಒಂದು ನಟ್ಟು ಕಮ್ಮಿ ಇದ್ರೆ ಅವನಿಗೆ ಊಟ ಸೇರಲ್ಲ. ನವಿಲನ್ನ ಇದ್ದಲ್ಲೇ ಅಂಟಿಸ್ಕೊಂಡು ಹೊರಗೆ ಬಂದೋನೇ, ಮಹೇಶ್ವರಪ್ಪನವರಿಂದ ಫೋಟೋ ತೆಗೆಸಿ, ಕೆಳಗೆ ತಾನೇ ಬರೆದ: ಹೊನ್ನಾಳಿ ರೇಣುಕಪ್ರಸಾದರ ವಂಶದ ಖಡ್ಗ. ಇದರ ಬಾಕು ಮತ್ತು ಒರೆ ಬೇಕಾಗಿದೆ. ಒರಿಜಿನಲ್ ಮಾತ್ರ.

ಮಹೇಶ್ವರಪ್ಪನವರು ಅದನ್ನ ಗುಡಿ ಕಮಿಟಿ, ವಧುವರ, ಅಡಿಕೆ ರೇಟು, ಮಂಡಿನೋವಿನ ಮನೆಮದ್ದು, ತಾವಿರೋ ಅಷ್ಟೂ ಗುಂಪಿಗೆ ಹಾಕಿದ್ರು. ಅಲ್ಲಿಂದ ಅದು ಸವಳಂಗ, ಕೆರೆಬಿಳಚಿ, ನ್ಯಾಮತಿ ಅಂತ ಬಸ್ಸಿಗಿಂತ ಬೇಗ ಊರೂರು ಸುತ್ತಿತು.

ಮನೆಗೆ ಬಂದಾಗ ಜಮಖಾನ ಹಾಸಿತ್ತು. ಕೊಡವಿದ ಮೇಲೆ ಅದರ ಬಣ್ಣ ಎದ್ದಿತ್ತು, ಅಂಚಿನುದ್ದಕ್ಕೂ ಆನೆಗಳ ಸಾಲು ಬಲಕ್ಕೆ ಮುಖ ಮಾಡಿ ಹೊರಟಿತ್ತು. ಬಾಳೆಹಣ್ಣೆಲ್ಲಿ ಅಂತ ನಿರ್ಮಲಮ್ಮ ಕೇಳಿದ್ಳು. ಜರ್ಮನಿ ಅಂದ ರೇಣುಕಪ್ರಸಾದ. ಅವಳು ಹೋಗಿ ಲಕ್ಷ್ಮಮ್ಮನ ಮನೆ ಗೊನೆಯಿಂದ ಒಂದು ಚಿಪ್ಪು ಕಿತ್ತು ತಂದ್ಳು.

ಜಗಳೂರಿನ ಕಾರು ಬಂತು, ಅಪ್ಪ, ಮಗ, ಅಜ್ಜಿ ಮೂವರೂ ಇಳಿದ್ರು. ಹಾಲಮ್ಮಜ್ಜಿ ಒಣಶುಂಠಿಯಷ್ಟೇ ಇದ್ಳು, ಖಾರವೂ ಅಷ್ಟೇ ಇರಬೋದು ಅಂತ ನೋಡಿದ್ರೇ ಗೊತ್ತಾಗ್ತಿತ್ತು. ಬಂದೋಳು ನೇರವಾಗಿ ಜಮಖಾನದ ನಡೂಮಧ್ಯ ಕೂತು, ಕುಂಕುಮದ ಬಟ್ಟಲು ಇಟ್ಕೊಂಡಿದ್ದ ಬಟ್ಟೆಗಂಟನ್ನ ತೊಡೆ ಮೇಲೆ ಇಟ್ಕೊಂಡ್ಳು.

ಮಹೇಶ್ವರಪ್ಪನವರು ಕಣ್ಸನ್ನೆ ಮಾಡಿದ್ರು. ರೇಣುಕಪ್ರಸಾದ ಕತ್ತಿ ತಂದ. ಬೀಗರ ಬಾಯಿಂದ ಆಹಾ ಅನ್ನೋ ಸದ್ದು ಕೇಳಿದ್ದೇ ತಡ, ಅವನ ನಾಲಿಗೆ ಮೋಟರಿಗೆ ಕರೆಂಟು ಬಂತು. ಜರ್ಮನಿ ಆಯ್ತು, ಬಿಜಾಪುರ ಆಯ್ತು, ಪಾಳೇಗಾರರೂ ಆದ್ರು. ಮೇಷ್ಟ್ರು ಹೇಳಿದ್ದು ಮುಗಿದ ಮೇಲೂ ನಾಲಿಗೆ ನಿಲ್ಲಲಿಲ್ಲ. ಇದನ್ನ ತಮ್ಮ ಮುತ್ತಜ್ಜ ದಂಡಿಗೆ ಹೋಗಿ ಗೆದ್ದು ತಂದಿದ್ದು ಅಂದ. ನವಿಲನ್ನ ಮೆಲ್ಲಗೆ ಕಿತ್ತು ತಟ್ಟೆಯಲ್ಲಿಟ್ಟು ತೂತು ತೋರಿಸಿದ.

"ಇದರೊಳಗೆ ಒಂದು ಬಾಕು ಇತ್ತಂತೆ. ಅದು ಯಾರ ಮನೇಲಿ ಸಿಗುತ್ತೋ ಅವರೇ ಇದರ ನಿಜವಾದ ವಾರಸುದಾರರು ಅಂತ ಚನ್ನಗಿರಿ ಮೇಷ್ಟ್ರು ಹೇಳ್ಯಾರೆ. ನಮ್ಮ ಮನೇಲೇ ಎಲ್ಲೋ ಇರಬೇಕು, ಹುಡುಕ್ತಿದೀನಿ."

ಹಾಲಮ್ಮಜ್ಜಿ ಕೈ ಚಾಚಿದ್ಳು. "ಇತ್ತ ಕೊಡಪ್ಪ ಒಂದೀಟು."

ಕತ್ತೀನ ಮಡಿಲಲ್ಲಿ ಮಲಗಿಸ್ಕೊಂಡು, ಬಟ್ಟೆಗಂಟು ಬಿಚ್ಚಿದ್ಳು. ಹೆಣ್ಣು ಒಪ್ಪಿಗೆಯಾದ್ರೆ ಮದುಮಗ ಹಿಡಿಯೋ ಬಾಕಿಗೆ ಅವಳ ಕೈಲಿ ಕುಂಕುಮ ಹಚ್ಚಿಸೋದು ಅವರ ಮನೆ ಪದ್ಧತಿ. ಅದಕ್ಕೇ ತಂದಿದ್ದ ಗೇಣುದ್ದದ ಬಾಕು ಹೊರಗೆ ಬಂತು. ಅಜ್ಜಿ ಅದನ್ನ ತೂತಿಗೆ ಇಳಿಸಿದ್ಳು. ಅದು ತನ್ನ ಹಾಸಿಗೆಗೆ ಹೋಗಿ ಮಲಗೋ ಮಗು ಹಂಗೆ ಸರಕ್ಕನೆ ಇಳಿದು, ಟಕ್ ಅಂತು.

ಕಾಫಿ ತಟ್ಟೆ ಹಿಡಿದಿದ್ದ ನಿರ್ಮಲಮ್ಮ ಅಲ್ಲೇ ನಿಂತ್ಳು.

"ನಮ್ಮ ಮಾವನ ಮದುವೆ," ಅಂದ್ಳು ಅಜ್ಜಿ, ಊರ ಸುದ್ದಿ ಹೇಳೋ ಥರ. "ಬಾಕು ಮದುಮಗನ ಕೈಯಾಗಿತ್ತು, ಉಳೀತು. ಕತ್ತೀನ ಹಸೆ ಹಿಂದೆ ಒರಗಿಸಿದ್ರಂತೆ. ಊಟ ಮುಗಿದು ಎಲೆ ಎತ್ತೋ ಹೊತ್ತಿಗೆ ಕತ್ತಿ ಇಲ್ಲ. ಹೊನ್ನಾಳಿಯಿಂದ ಬಂದಿದ್ದ ಗಾಡಿನೂ ಇಲ್ಲ."

ದಂಡಿಗೆ ಹೋಗಿದ್ದ ಮುತ್ತಜ್ಜ ಒಂದೇ ಮಾತಿಗೆ ಊಟಕ್ಕೆ ಹೋಗಿದ್ದ ಮುತ್ತಜ್ಜ ಆಗಿಬಿಟ್ಟ. ಕಾವ್ಯಶ್ರೀ ನೆಲ ನೋಡಿದ್ಳು, ಪ್ರವೀಣ ಅವಳನ್ನ ನೋಡಿದ. ರೇಣುಕಪ್ರಸಾದ ಮುಳುಗೋನು ಕೈಗೆ ಸಿಕ್ಕಿದ್ದನ್ನ ಹಿಡಿದಂಗೆ ನವಿಲು ಹಿಡಿದ. ನಿಮ್ಮ ಕತ್ತಿ ಮೇಲೆ ಈ ನವಿಲಿತ್ತಾ ಅಮ್ಮ ಅಂತ ಕೇಳಿದ.

"ಎಲ್ಲಿಂದ ಇರುತ್ತೆ. ಅದು ನಿಮ್ಮೋರು ತೂತು ಮುಚ್ಚಾಕೆ ಕೂರಿಸಿದ್ದು. ಕಂಡೋರಿಗೆ ಗುರುತು ಹತ್ತಬಾರ್ದು ನೋಡು, ಅದಕ್ಕೆ. ನಮ್ದು ಅಂದ್ರೆ ಈ ಯಾಳಿ. ನಮ್ ಮಾವನ ಅಪ್ಪ ಕೂರಿಸಿದ್ದು."

ಗುರುಬಸವರಾಜ್ ಎದ್ದು ಪಂಚೆ ಕೊಡವಿಕೊಂಡ್ರು. ಜಗಳೂರಿನೋರು ಜಗಳ ಆಡಲ್ಲ ಅಂತ ಆಗಲೇ ಹೇಳಿದ್ನಲ್ಲ. ಅಷ್ಟರಲ್ಲಿ ಹೊರಗೆ ಬೈಕು ನಿಂತ ಸದ್ದಾಯ್ತು. ಉದ್ದನೆಯ ಟವೆಲ್ ಗಂಟು ಬಗಲಲ್ಲಿಟ್ಕೊಂಡು ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಹೊಸ್ತಿಲಲ್ಲಿ ನಿಂತಿದ್ದ.

"ನ್ಯಾಮತಿ ಪಾಲಣ್ಣ ಅಂತ," ಅಂದ. "ಒರೆ ಬೇಕಾಗಿದೆ ಅಂತ ಹಾಕಿದ್ರಲ್ಲ. ಒರಿಜಿನಲ್ ತಂದೀನಿ ನೋಡ್ರಿ."

ಈಗ ಬೇಡ, ನಾಳೆ ಬರ್ರಿ ಅಂತ ರೇಣುಕಪ್ರಸಾದ ಅವನನ್ನ ಹೊರಗೆ ತಳ್ಳಾಕೆ ನೋಡಿದ. ಒಳಗೆ ಕರಿ ಅಂದ್ಳು ಅಜ್ಜಿ. ಪಾಲಣ್ಣ ಒರೆ ಬಿಚ್ಚಿ ಕತ್ತಿ ಇಳಿಸಿದ. ಅಲಗು ಎಲ್ಲೂ ತಡೀದೆ ಒಳಗೆ ಹೋಯ್ತು. ಹಿಡಿಯ ಮೇಲಿನ ಅರ್ಧ ಹೂವು ಒರೆಯ ಮೇಲಿನ ಅರ್ಧ ಹೂವಿಗೆ ಸೇರಿ, ನೂರು ವರ್ಷದ ಹಿಂದೆ ಬಿಟ್ಟಿದ್ದ ಉಸಿರನ್ನ ಎಳ್ಕೊಂಡಂಗೆ ಪೂರ್ತಿ ಅರಳಿತು. ಏನೇ ಬೇಜಾರಿದ್ರೂ ಆ ಗಳಿಗೇಲಿ ಎಲ್ರೂ ಬಗ್ಗಿ ನೋಡಿದ್ರು, ಅಷ್ಟು ಚೆಂದ ಇತ್ತು.

"ನಮ್ಮ ಮುತ್ತಾತ ಬನ್ನಿ ಹಬ್ಬದಾಗೆ ಬಾಳೆಕಂಬ ಕಡಿಯಾಕೆ ಕತ್ತಿ ಹಿರಿದಿದ್ನಂತೆ," ಅಂದ ಪಾಲಣ್ಣ. "ಕಂಬ ಬಿತ್ತು, ಜನ ಬನ್ನಿಸೊಪ್ಪಿಗೆ ನುಗ್ಗಿದ್ರು. ಆ ನೂಕಾಟದಾಗೆ ಕೈಯಾಗಿದ್ದ ಕತ್ತಿ ಹೋತು, ಸೊಂಟದಾಗಿದ್ದ ಒರೆ ಉಳೀತು. ಆವಾಗ ಇದರ ಮ್ಯಾಲೆ ಈ ಯಾಳಿ ಇರ್ಲಿಲ್ರೀ. ಯಾವ ಕಳ್ಳ ಕೂರಿಸ್ದನೋ, ಚೆನ್ನಾಗಿ ಕೂರಿಸ್ಯಾನೆ."

ಎಲ್ರೂ ಹಾಲಮ್ಮಜ್ಜಿ ಕಡೆ ನೋಡಿದ್ರು. ಹಾಲಮ್ಮಜ್ಜಿ ಫ್ಯಾನ್ ಕಡೆ ನೋಡಿದ್ಳು. ಗುರುಬಸವರಾಜ್ ನಿಂತಿದ್ದೋರು ಕೂತ್ರು.

ಮೊದಲು ನಕ್ಕಿದ್ದು ಅಜ್ಜಿನೇ. ಬೊಚ್ಚುಬಾಯಿ ತುಂಬಾ ನಕ್ಕು, ಕಣ್ಣೊರೆಸ್ಕೊಂಡು, "ಮನೆತನ ಕೇಳಾಕೆ ಬಂದಿದ್ವಿ," ಅಂದ್ಳು. "ತಿಳೀತು ಬಿಡು. ನಿಮ್ದೂ ನಮ್ದೂ ಒಂದೇ."

ಕಾವ್ಯಶ್ರೀನ ಕರೆದು ಬಾಕಿಗೆ ಕುಂಕುಮ ಹಚ್ಚಿಸಿದ್ರು. ಆಮೇಲೆ ಕತ್ತಿ, ಬಾಕು, ಒರೆ ಮೂರೂ ಪಾಲಣ್ಣನ ಟವೆಲ್ ಗಂಟು ಸೇರಿದ್ವು. ಮದುವೆಗೆ ಬಾಕು ಕಳಿಸಿಕೊಡಾಕೆ ಅವನು ಒಪ್ಪಿದ. ಆದ್ರೆ ಮುಹೂರ್ತ ಮುಗಿಯೋವರೆಗೂ ಮದುಮಗನ ಪಕ್ಕದಾಗೇ ತಾನು ಕೂರಬೇಕು ಅಂದ. ಈ ಬೆಳ್ಳಿ ಬಳ್ಳಿ ನಿಮ್ಮೋರು ಮಾಡಿಸಿದ್ದಾ ಅಂತ ಪ್ರವೀಣ ಮೆಚ್ಚುಗೆಯಿಂದ ಕೇಳಿದ. ಇಲ್ಲ, ಅದು ನಮ್ಮನೆಗೆ ಬಂದಾಗಲೇ ಇತ್ತು ಅಂದ ಪಾಲಣ್ಣ. ಎಲ್ಲಿಂದ ಬಂದಾಗ ಅಂತ ಕೇಳಿದ್ದಕ್ಕೆ, ಕಾಫಿ ಬಾಳ ಚೆನ್ನಾಗೈತೆ ಅಂದ.

ಹೋಗೋವಾಗ ಪಾಲಣ್ಣ ತಟ್ಟೆಯಲ್ಲಿದ್ದ ನವಿಲನ್ನ ರೇಣುಕಪ್ರಸಾದನ ಕೈಲಿಟ್ಟ. ಇದು ನಮ್ದಲ್ಲ, ನಿಮ್ದೇ, ಇಟ್ಕೊಳ್ರಿ ಅಂದ. ಅಷ್ಟಾದ್ರೂ ಉಳೀತಲ್ಲ ಅಂತ ರೇಣುಕಪ್ರಸಾದನ ಎದೆ ಇನ್ನೊಂದು ಸಲ, ಕೊನೇ ಸಲ, ಉಬ್ಬಿತು. ಮೇಷ್ಟ್ರು ಕೈ ಮುಗಿದಿದ್ದು ಇದೊಂದಕ್ಕೇ. ಅದನ್ನ ಎತ್ತಿ ಹಿಡಿದು ಎಲ್ರಿಗೂ ತೋರಿಸಿದ.

"ಇದು ಮಾತ್ರ ಅಪ್ಪಟ ನಮ್ಮ ಮನೆ ಕೆಲಸ. ಇಂಥದ್ದು ಇನ್ನೆಲ್ಲೂ ಇಲ್ಲ. ಬೇಕಾದ್ರೆ ನೋಡ್ರಿ, ಥ್ರೆಡ್ಡು ಸಮೇತ ಉಲ್ಟಾ."

ಮೂಲೇಲಿ ಮಂಡಕ್ಕಿ ಜಗಿಯೋ ಸದ್ದು ನಿಂತುಹೋಯ್ತು. ಮಹೇಶ್ವರಪ್ಪನವರು ಎದ್ದು ಬಂದು, ನವಿಲು ಇಸ್ಕೊಂಡು, ಪಾದದ ತಿರುಪಿನ ಮೇಲೆ ಬೆರಳಾಡಿಸಿ, ಚಪ್ಪಲಿನೂ ಮೆಟ್ಟದೆ ಗುಡಿ ಕಡೆ ಓಡಿದ್ರು. ಸ್ವಲ್ಪ ಹೊತ್ತಿಗೆ ಗುಡಿ ಗಂಟೆ ಬಾರಿಸ್ತು, ಬಾರಿಸ್ತಾನೇ ಇತ್ತು. ನವಿಲು ಕಂಬದ ಮೇಲೆ ಗಿರ್ರನೆ ತಿರುಗಿ ಅಚ್ಚುಕಟ್ಟಾಗಿ ಕೂತಿತಂತೆ. ಕತ್ತು ಹಿಂದಕ್ಕೆ ಹೊರಳಿಸಿ ನೇರವಾಗಿ ರೇಣುಕಪ್ರಸಾದನ ಮನೆ ಕಡೆಗೇ ನೋಡ್ತಿತ್ತಂತೆ.

ಎಲ್ರೂ ಹೊರಡಾಕೆ ಎದ್ರು. ಹಾಲಮ್ಮಜ್ಜಿ ಮಾತ್ರ ಏಳ್ಲಿಲ್ಲ. ಕೂತಲ್ಲೇ ಜಮಖಾನದ ಅಂಚಿನ ಮೇಲೆ ಬೆರಳಿಟ್ಟು, ಒಂದೊಂದೇ ಆನೆ ಸವರ್ತಾ ಸವರ್ತಾ ಮೂಲೆವರೆಗೆ ಹೋದ್ಳು.

"ಈ ಆನೆಯೆಲ್ಲಾ ಬಲಕ್ಕೆ ಹೊಂಟಾವಲ್ಲೋ ಗುರುಬಸು," ಅಂದ್ಳು. "ನಮ್ಮನೇಲಿರೋ ಜಮಖಾನದಾಗೆ ಎಲ್ಲಾ ಎಡಕ್ಕೆ ಹೊಂಟಾವೆ. ಇದರ ಜೋಡಿ ಎಲ್ಲಿ ಹೋತು ಅಂತ ನಮ್ಮತ್ತೆ ಸಾಯೋವರೆಗೂ ಕೇಳ್ತಿದ್ಳು."

ನಿರ್ಮಲಮ್ಮ ಕಾಫಿ ತಟ್ಟೆ ಕೆಳಗಿಟ್ಟು, ಗಂಡನ ಹತ್ರ ಬಂದು, ಅವನಿಗೊಬ್ಬನಿಗೇ ಕೇಳೋ ಹಂಗೆ ಮೆಲ್ಲಗೆ ಹೇಳಿದ್ಳು:

"ಹಿತ್ತಿಲಿಂದ ಸೋಫಾ ತಗೊಂಡ್ ಬರ್ರಿ."